ಅಮ್ಮನ ಗಂಜಿಯ ಮೇಲಿನ ಅಪವಾದ

ಸಾನಪಾಡಾದ ನಮ್ಮ ಮನೆಯಲ್ಲಿ ಕುಚ್ಚಲಕ್ಕಿ ಗಂಜಿ ಬೇಯುತ್ತಿದೆ. ನಾಳೆ ಆಸ್ಪತ್ರೆ ಸೇರಬೇಕು, ನನ್ನ ದೊಡ್ಡ ಕರುಳನ್ನು ತೆಗೆಯುತ್ತಾರೆ. ಇವತ್ತು ಗಂಜಿ ತಿಳಿಯೇ ಗತಿ. ಗಂಜಿಯ ವಾಸನೆಗೆ ಹೆದರುವ ಗಂಡಸನ್ನು ನೀವು ನೋಡಿರಲಿಕ್ಕಿಲ್ಲ, ಈಗ ನೋಡಿ.

ಎಂಬತ್ತರ ದಶಕದಲ್ಲಿ, ಡೊಂಬಿವಲಿಯ ಚಾಳಿನಲ್ಲಿದ್ದಾಗ, ಅಪ್ಪನಿಗೂ ಇದೇ ಆಯಿತು. ಕರುಳು ತುಂಬ ಗಂಟು. ದೊಡ್ಡ ಕರುಳು ತೆಗೆಸಿಕೊಂಡು, ಮಲ ಸೇರಲು ಹೊಟ್ಟೆಗೊಂದು ಚೀಲ ಅಂಟಿಸಿಕೊಂಡು ಮನೆಗೆ ಬಂದರು. ಉಡುಪಿ ಕಡೆಯ ಅಮ್ಮನಿಗೆ ಎಲ್ಲ ಕಾಯಿಲೆಗೂ ಒಂದೇ ಮದ್ದು. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಗಂಜಿ, ಅಪ್ಪ ಕೆಮ್ಮಿದರೂ ಗಂಜಿ.

"ಸಾಕು ಮಾರಾಯ್ತಿ," ಎನ್ನುತ್ತಿದ್ದರು ಅಪ್ಪ.

"ಕುಡೀರಿ. ಗಂಜಿ ಎಂತ ಮಾಡ್ತದೆ?"

ಕೆಲವು ತಿಂಗಳಲ್ಲಿ ಅಪ್ಪನಿಗೆ ತೀರದ ಬಾಯಾರಿಕೆ. ಸಕ್ಕರೆ ಕಾಯಿಲೆ ಎಂದರು. ಆಗ ಪರೀಕ್ಷೆ ಮನೆಯಲ್ಲೇ: ಗಾಜಿನ ನಳಿಗೆಯಲ್ಲಿ ನೀಲಿ ಔಷಧ, ಅದಕ್ಕೆ ಮೂತ್ರದ ಹನಿ, ಕೆಳಗೆ ಸ್ಪಿರಿಟ್ ದೀಪ. ನೀಲಿಯೇ ಉಳಿದರೆ ಬಚಾವು, ಇಟ್ಟಿಗೆ ಕೆಂಪಾದರೆ ಅಪಾಯ. ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದ ನಾನು ದೀಪದ ಮುಂದೆ 'ನೀಲಿ ಉಳಿಸು ದೇವರೇ' ಎಂದು ಕೈಮುಗಿಯುತ್ತಿದ್ದೆ. ಕೆಂಪು ಬಂದಷ್ಟೂ ಅಮ್ಮ ಹೆದರಿ, ಶಕ್ತಿ ಬರಲೆಂದು ಇನ್ನೊಂದು ಲೋಟ ಗಂಜಿ ಕುಡಿಸುತ್ತಿದ್ದಳು. ಸಕ್ಕರೆ, ಬೆಲ್ಲ ಎಲ್ಲ ಬಿಡಿಸಿದ್ದಳು. ಗಂಜಿಯ ಮೇಲೆ ಯಾರಿಗೆ ಅನುಮಾನ ಬರಬೇಕು?

ಒಂದು ಮಧ್ಯಾಹ್ನ ಕರೆದರೆ ಅಪ್ಪ ಕಣ್ಣು ಬಿಡಲಿಲ್ಲ. ಆಸ್ಪತ್ರೆಯಲ್ಲಿ ಮರಾಠಿ ಡಾಕ್ಟರು ಏನು ತಿನ್ನಿಸುತ್ತೀರಿ ಎಂದು ಕೇಳಿದರು. ಅಮ್ಮ ಹೆಮ್ಮೆಯಿಂದಲೇ ಹೇಳಿದಳು. ಅವರು ತಲೆ ಚಚ್ಚಿಕೊಂಡರು.

"ಬಾಯಿ, ಪೇಜ್ ಮ್ಹಣಜೇ ಸಾಖರಚ್!" ಗಂಜಿ ಎಂದರೆ ಸಕ್ಕರೆಯೇ.

ಕರುಳು ತೆಗೆದದ್ದರಿಂದ ಹೀಗಾಯಿತೇ ಎಂದು ಅಮ್ಮ ಅಂಜುತ್ತಾ ಕೇಳಿದಳು. ಕರುಳಿಗೂ ಸಕ್ಕರೆಗೂ ಏನೂ ಸಂಬಂಧವಿಲ್ಲ ಎಂದುಬಿಟ್ಟರು. ಅಪ್ಪ ಬದುಕಿದರು, ಆಮೇಲೂ ಬಹಳ ವರ್ಷ ಇದ್ದರು. ಅಮ್ಮ ಮಾತ್ರ "ನಾನೇ ಕುಡಿಸಿ ರೋಗ ತರಿಸಿದೆ" ಎನ್ನುತ್ತಲೇ ಹೋದಳು. ಅವಳಿರುವವರೆಗೂ ಮನೆಯಲ್ಲಿ ಗಂಜಿ ಬೇಯಲಿಲ್ಲ.

ಹೋದ ವಾರ ನನ್ನ ಡಾಕ್ಟರನ್ನು ಅದೇ ಪ್ರಶ್ನೆ ಕೇಳಿದೆ. ಹುಡುಗಿ, ನನ್ನ ಮಗಳ ವಯಸ್ಸಿನವಳು. ಸಂಬಂಧ ಇದೆ ಎಂದಳು. ಉಂಡಾಗ ದೊಡ್ಡ ಕರುಳೂ ಹಾರ್ಮೋನು ಬಿಡುತ್ತದಂತೆ, ಇನ್ಸುಲಿನ್ ಸುರಿಯಲು ಅದು ನೆರವಾಗುತ್ತದಂತೆ. ಕರುಳು ಹೋದರೆ ಕೆಲವರಿಗೆ ಸಕ್ಕರೆ ಏರಬಹುದು. "ನಿಮಗೂ ಆಗಬಹುದು ಅಂಕಲ್, ನೋಡ್ತಾ ಇರೋಣ."

ನನಗೆ ಹೆದರಿಕೆಯಾದದ್ದು ನಿಜ. ಆದರೆ ಕಣ್ಣಲ್ಲಿ ನೀರು ಬಂದದ್ದು ಅಮ್ಮನಿಗಾಗಿ. ತಪ್ಪೆಲ್ಲ ಗಂಜಿಯದಲ್ಲ ಎಂದು ಅವಳಿಗೆ ಹೇಳುವುದು ಹೇಗೆ?

"ಗಂಜಿ ತಿಳಿ ಬಸಿದಿದ್ದೇನೆ. ಕೊಡ್ಲಾ, ಬೇಡ್ವಾ?" ಹೆಂಡತಿ ಬಾಗಿಲಲ್ಲಿ ನಿಂತು ಕೇಳುತ್ತಾಳೆ.

ಗಂಜಿಯ ವಾಸನೆ ಮೂಗಿಗೆ ಬಡಿಯುತ್ತದೆ. ಆದರೂ ಲೋಟಕ್ಕೆ ಕೈ ಚಾಚುತ್ತೇನೆ.

"ಕೊಡು," ಎನ್ನುತ್ತೇನೆ, "ಗಂಜಿ ಎಂತ ಮಾಡ್ತದೆ?"