ಮೈದುನನಿಗೆ ಹೇಳಲಾಗದ ನೋವು

ನೇಪಾಳದಿಂದ ಬಂದ ಸೃಜನಾ ಬೇಗೂರಿನಲ್ಲಿ ಮುನಿಲಕ್ಷ್ಮಮ್ಮನವರ ವಠಾರದಲ್ಲಿ ಬಾಡಿಗೆಗಿದ್ದಳು. ಎದೆಯಲ್ಲೊಂದು ಗಂಟು ಕಾಣಿಸಿಕೊಂಡರೂ ಅವಳು ಆಸ್ಪತ್ರೆಗೆ ಹೋಗಲಿಲ್ಲ. ಮನೆಯಲ್ಲಿ ಕನ್ನಡ ಬರುತ್ತಿದ್ದದ್ದು ಮೈದುನನಿಗೆ ಮಾತ್ರ. ಅವನ ಬಾಯಲ್ಲಿ ಇದನ್ನು ಹೇಳಿಸುವುದು ಹೇಗೆ?

ದಿನೇ ದಿನೇ ಸೊರಗುತ್ತಿದ್ದವಳನ್ನು ಕಂಡು ಮುನಿಲಕ್ಷ್ಮಮ್ಮ, "ಏನಾಯ್ತಮ್ಮ?" ಎಂದರು. ಸೃಜನಾ ಅಳುತ್ತ ಅವರ ಕೈ ಹಿಡಿದು ಗಂಟಿನ ಮೇಲಿಟ್ಟಳು.

"ನಡಿ, ನಾನ್ ಬರ್ತೀನಿ," ಎಂದು ಅವರು ಆಗಲೇ ಹೊರಡಿಸಿದರು. ಲೇಡಿ ಡಾಕ್ಟರನ್ನೇ ಹುಡುಕಿ ತೋರಿಸಿ, ಸ್ಕ್ಯಾನಿಂಗ್ ಮುಗಿಯುವವರೆಗೂ ಬಾಗಿಲಲ್ಲೇ ಕೂತರು. ಗಂಟಿನಿಂದ ಅಪಾಯವಿಲ್ಲ, ಆರು ತಿಂಗಳು ಬಿಟ್ಟು ಮತ್ತೆ ಬನ್ನಿ ಎಂದರು ಡಾಕ್ಟರು.

ಆ ಆರು ತಿಂಗಳಲ್ಲಿ ಮುನಿಲಕ್ಷ್ಮಮ್ಮನ ಜೊತೆ ಸೊಪ್ಪು ಬಿಡಿಸುತ್ತ ಸೃಜನಾ ಕನ್ನಡ ಕಲಿತಳು. "ಆಂಟಿ, ನೀವು ಬರೋದು ಬೇಡ, ನಾನೇ ಹೇಳ್ತೀನಿ," ಎಂದು ಮತ್ತೆ ಡಾಕ್ಟರಿಗೆ ತೋರಿಸುವ ದಿನ ಒಬ್ಬಳೇ ಬಸ್ ಹತ್ತಿದಳು. ಮುನಿಲಕ್ಷ್ಮಮ್ಮನಿಗೆ ಖುಷಿಯಾಯಿತು, ಚೂರು ಬೇಜಾರೂ ಆಯಿತು.