ಮೇಲಿನ ಮೆಟ್ಟಿಲೂ ಸವೆಯಬೇಕು

ಹರಿಹರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಸ್ ನಿಲ್ದಾಣದ ಹಿಂದಿನ ಬಯಲಿನಲ್ಲಿ ನಿಂತ ಹಳೆಯ ವ್ಯಾನೊಂದರ ಬಾಗಿಲ ಬಳಿ ಮಾಲತೇಶಪ್ಪನವರು ಮಂಡಿಯೂರಿ ಕುಳಿತಿದ್ದಾರೆ. ಇಕ್ಕಳದಿಂದ ಒಂದೊಂದೇ ಮೊಳೆ ಕೀಳುತ್ತ, ಮೆಟ್ಟಿಲಿಗೆ ಹೊದಿಸಿದ ಸವೆದ ರಬ್ಬರನ್ನು ಎಬ್ಬಿಸುತ್ತಿದ್ದಾರೆ. ನದಿಯ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿದೆ. ಅವರ ಬಗ್ಗೆ ಬರೆಯಲೆಂದು ಬಂದ ನಾನು ಕಂಬಳಿ ಹೊದ್ದು ನಡುಗುತ್ತಿದ್ದರೆ ಅವರು ಬರೀ ಬನಿಯನ್ನಿನಲ್ಲಿದ್ದಾರೆ.

ಅವರ ಕೆಲಸಕ್ಕೆ ಹೆಸರೇ ಇಲ್ಲ. ಬಸ್ಸು ಕಟ್ಟುವವರಿದ್ದಾರೆ, ಬಣ್ಣ ಬಳಿಯುವವರಿದ್ದಾರೆ, ಎಂಜಿನ್ ಬಿಚ್ಚುವವರಿಗಂತೂ ಊರಲ್ಲಿ ರಾಜಮರ್ಯಾದೆ. ಮೆಟ್ಟಿಲಿನ ಹೊದಿಕೆ ಬದಲಿಸುವವರನ್ನು ಮಾತ್ರ ಏನೆಂದು ಕರೆಯಬೇಕೋ ಯಾರಿಗೂ ಗೊತ್ತಿಲ್ಲ. ಹರಿಹರ–ದಾವಣಗೆರೆ ನಡುವೆ ಒಂದು ಬಸ್ಸು ದಿನಕ್ಕೆ ಹನ್ನೆರಡು ಸಲ ಓಡಾಡುತ್ತದೆ. ಸಲಕ್ಕೆ ಐವತ್ತು ಜನ ಎಂದು ಹಿಡಿದರೂ, ಹತ್ತುವುದು ಇಳಿಯುವುದು ಸೇರಿ, ಒಂದು ಮೆಟ್ಟಿಲಿನ ಮೇಲೆ ದಿನಕ್ಕೆ ಸಾವಿರದ ಇನ್ನೂರು ಹೆಜ್ಜೆ. ಲೆಕ್ಕ ನನ್ನದು. ಹೇಳಿದಾಗ ಮಾಲತೇಶಪ್ಪ ನಕ್ಕುಬಿಟ್ಟರು.

"ಯಾರ್ ಎಣಿಸ್ತಾರ್ರಿ? ಮೆಟ್ಲು ಚೆಂದಾಗಿದ್ರೆ ಯಾರೂ ಕೆಳಗ ನೋಡಂಗಿಲ್ಲ. ಜಾರಿ ಬಿದ್ದಾಗ ಮಾತ್ರ ನನ್ನ ನೆನಪಾಗ್ತೈತಿ."

ಐವತ್ತು ದಾಟಿದ ಇವರು ಮೊದಲು ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಯಂತ್ರದ ಪಟ್ಟಾ, ಅಂದರೆ ರಬ್ಬರು ಹೊದಿಸಿದ ದಪ್ಪ ಬಟ್ಟೆಯ ಬೆಲ್ಟು, ಜೋಡಿಸುತ್ತಿದ್ದರು. ಎಡಗೈಯ ಎರಡು ಬೆರಳ ತುದಿ ಅಲ್ಲೇ ಹೋದವು. ಗಿರಣಿ ಬಿಟ್ಟರೂ ಪಟ್ಟಾ ಬಿಡಲಿಲ್ಲ. ಗಿರಣಿಗಳು ಎಸೆದ ಹಳೆಯ ಪಟ್ಟಾ ತಂದು ಮೆಟ್ಟಿಲಿಗೆ ಹೊದಿಸುತ್ತಾರೆ. ಅಂಗಡಿಯ ರಬ್ಬರಿಗಿಂತ ಇದು ಗಟ್ಟಿ, ಬರಿಗಾಲಿಗೂ ಹಿತ ಎಂಬುದು ಅವರ ವಾದ. ಮಧ್ಯಾಹ್ನದ ಹೊತ್ತು ನಿಲ್ದಾಣದಲ್ಲಿ ಕುಳಿತು ಜನರ ಕಾಲು ನೋಡುವುದು ಅವರ ಇನ್ನೊಂದು ಕೆಲಸ. ಸೀರೆಯುಟ್ಟವರು ಕಾಲು ಎಲ್ಲಿ ಊರುತ್ತಾರೆ, ಮುದುಕರು ಯಾವ ಕಡೆ ವಾಲುತ್ತಾರೆ, ಎಲ್ಲ ನೋಡಿಟ್ಟುಕೊಳ್ಳುತ್ತಾರೆ. ಮುಖ ನೋಡಿ ಗುರುತು ಹಿಡಿಯುವುದು ಅಷ್ಟಕ್ಕಷ್ಟೇ ಎಂದು ಹೆಂಡತಿ ಕೊಟ್ರವ್ವ ದೂರುತ್ತಾರೆ.

ಇವತ್ತಿನ ವ್ಯಾನು ಬಸ್ಸಿನಂಥದ್ದಲ್ಲ. ಒಳಗೆ ಮಡಚುವ ಎರಡು ಮಂಚ, ಸೀಮೆಎಣ್ಣೆ ಸ್ಟವ್, ನೀರಿನ ಡ್ರಮ್ಮು, ಕಿಟಕಿಗೆ ಪರದೆ. ಹಿಂದೆ ಯಾರೋ ಸರ್ವೆ ಅಧಿಕಾರಿ ಇದರಲ್ಲೇ ಸಂಸಾರ ಹೂಡಿ ಊರೂರು ತಿರುಗಿದ್ದರಂತೆ. ಈಗ ದಾವಣಗೆರೆಯ ಮಂಡಿಪೇಟೆಯ ವರ್ತಕರು ಸೇರಿ ಇದನ್ನು ಕಣ್ಣಿನ ವ್ಯಾನು ಮಾಡಿದ್ದಾರೆ. ಹಳ್ಳಿಗಳಲ್ಲಿ ಕಣ್ಣು ಪರೀಕ್ಷಿಸಿ, ಪೊರೆ ಬಂದವರನ್ನು ಇದರಲ್ಲೇ ದಾವಣಗೆರೆಗೆ ಕರೆತಂದು ಶಸ್ತ್ರಚಿಕಿತ್ಸೆ ಮಾಡಿಸುತ್ತಾರೆ.

ಹೋದ ವರ್ಷ ಈ ವ್ಯಾನಿನ ಮೂರು ಮೆಟ್ಟಿಲಿಗೂ ಹೊದಿಕೆ ಹಾಕಿದವರು ಮಾಲತೇಶಪ್ಪನವರೇ. ಧರ್ಮದ ಗಾಡಿಯೆಂದು ಉಮೇದಿನಿಂದ ಮೇಲಿನ ಮೆಟ್ಟಿಲಿಗೆ ಹಿತ್ತಾಳೆಯ ಅಂಚು ಬಡಿದರು. ಅರಿಸಿನ, ಕುಂಕುಮ ಹಚ್ಚಿ, ಹೂವಿಟ್ಟು, ಕಾಯಿ ಒಡೆದರು. ಜನ ಹತ್ತುವುದನ್ನು ಕಣ್ಣಾರೆ ನೋಡಲು ಆನಗೋಡು ಹಳ್ಳಿಗೂ ಹೋದರು. ಅಲ್ಲಿ ಆದದ್ದು ಬೇರೆ. ಪೂಜೆಯಾದ ಮೆಟ್ಟಿಲು ಜನರ ಕಣ್ಣಿಗೆ ಹೊಸ್ತಿಲಾಗಿತ್ತು. ಹೊಸ್ತಿಲನ್ನು ತುಳಿಯುವವರು ಯಾರು? ಎಲ್ಲರೂ ಅದನ್ನು ದಾಟಿಯೇ ಒಳಗೆ ಹೋದರು. ಎರಡೂ ಕಣ್ಣಿಗೆ ಪೊರೆ ಬಂದಿದ್ದ ಕೆಂಚವ್ವ ಎಂಬ ಮುದುಕಿ ಮಾತ್ರ ಕೈಯಿಂದ ಸವರಿ, ಹೂವು ಸಿಕ್ಕಿದ್ದಕ್ಕೆ ಕಣ್ಣಿಗೊತ್ತಿಕೊಂಡು, ಕಾಲನ್ನು ಅಳತೆ ಮೀರಿ ಎತ್ತಿದರು. ಸೀರೆ ತೊಡರಿತು. ಬಿದ್ದ ಏಟಿಗೆ ಮುಂಗೈ ಮುರಿಯಿತು. ಅಂದಿನಿಂದ ಆಕೆ ವ್ಯಾನಿನ ಹತ್ತಿರ ಸುಳಿದಿಲ್ಲ.

"ಅವತ್ತಾ ಕುಂಕುಮ ಒರೆಸಿದೆ, ಅಂಚು ಕಿತ್ತೆ. ಸರಿಹೋತು ಅನ್ಕಂಡಿದ್ದೆ" ಎನ್ನುತ್ತಾರೆ ಮಾಲತೇಶಪ್ಪ.

ಸರಿಹೋಗಿಲ್ಲವೆಂದು ಗೊತ್ತಾಗುವುದು ಈ ಬೆಳಿಗ್ಗೆಯೇ. ಕಿತ್ತ ಮೂರು ತುಂಡುಗಳನ್ನು ಅವರು ನೆಲದ ಮೇಲೆ ಸಾಲಾಗಿ ಹಾಸುತ್ತಾರೆ. ಕೆಳಗಿನ ಎರಡು ತಳದ ಬಟ್ಟೆ ಕಾಣುವಷ್ಟು ಸವೆದಿವೆ. ಮೇಲಿನದು ಮೊನ್ನೆ ಹಾಕಿದಂತಿದೆ. ಡ್ರೈವರ್ ಖಾಜಾ ಹುಸೇನ್ ಚಹಾ ಹಿಡಿದು ಬಂದವರು ಅದನ್ನು ನೋಡಿ ಖುಷಿಪಡುತ್ತಾರೆ.

"ಮೇಲಿಂದು ಹೊಸದಿದ್ದಂಗ ಐತಲ್ಲ ಮಾಲತೇಶಣ್ಣ. ಅದನ್ನ ಹಂಗಾ ಬಡಿದುಬಿಡು. ಎಂಟಕ್ಕೆ ಹೊರಡಬೇಕು, ಇವತ್ತು ಆನಗೋಡು."

ಮಾಲತೇಶಪ್ಪನವರ ಮುಖ ಕಪ್ಪಿಡುತ್ತದೆ. "ಕೆಟ್ಟಿರೋದು ಅದ ನೋಡ್ರಿ, ಖಾಜಾ ಸಾಹೇಬ್ರ. ಒಂದು ವರ್ಷ ಒಬ್ರೂ ಕಾಲಿಟ್ಟಿಲ್ಲ. ಎಷ್ಟು ಮಂದಿ ಮುದುಕರು ಎಗರಿ ಎಗರಿ ಹೋಗ್ಯಾರೋ!"

ಆಮೇಲೆ ಬಾಗಿಲನ್ನು ತೆರೆದು, ಮುಚ್ಚಿ, ಮತ್ತೆ ತೆರೆದು ನೋಡುತ್ತಾರೆ. ಧೂಳು ಬರದಿರಲೆಂದು ಮೇಲಿನ ಮೆಟ್ಟಿಲಿನ ಅಂಚಿಗೆ ಎರಡು ಬೆರಳೆತ್ತರದ ಮರದ ಪಟ್ಟಿಯೊಂದಿದೆ. ಕುಂಕುಮವಿರಲಿ, ಬಿಡಲಿ, ನೋಡಿದವರಿಗೆ ಅದು ಹೊಸ್ತಿಲೇ. ಉಳಿ ತೆಗೆದುಕೊಂಡು ಅದನ್ನು ಕೆತ್ತತೊಡಗುತ್ತಾರೆ. ಧೂಳೆಲ್ಲ ಒಳಗೆ ಬರುತ್ತದೆಂದು ಖಾಜಾ ಹುಸೇನ್ ಕೂಗಾಡುತ್ತಾರೆ. "ಕಸಬರಿಗೆ ಇಟ್ಕಳ್ರಿ" ಎಂಬಷ್ಟೇ ಉತ್ತರ. ಜೊತೆಗೆ ತಂದ ಪಟ್ಟಾದ ಸುರುಳಿಯನ್ನು ಮೂರು ತುಂಡು ಮಾಡುವ ಬದಲು ಇಡಿಯಾಗಿ ಬಿಚ್ಚುತ್ತಾರೆ. ವ್ಯಾನಿನ ಒಳನೆಲದಿಂದ ಶುರುಮಾಡಿ, ಪ್ರತಿ ಮೆಟ್ಟಿಲಿಗೂ ಮಡಿಸಿ ಇಳಿಸುತ್ತ, ಕೆಳಗಿನ ಮೆಟ್ಟಿಲಿನ ತುದಿಯವರೆಗೆ ಒಂದೇ ಪಟ್ಟಾ. ಬಾಯಲ್ಲಿ ಮೊಳೆ ತುಂಬಿಕೊಂಡಿರುವುದರಿಂದ ನನ್ನ ಪ್ರಶ್ನೆಗಳಿಗೆಲ್ಲ ಹೂಂಗುಟ್ಟುತ್ತಾರೆ. ಕೊನೆಗೆ ಚರಂಡಿ ಪಕ್ಕದ ಕೆಸರಿನಲ್ಲಿ ಕಾಲದ್ದಿ ಬಂದು ಹೊಸ ಮೆಟ್ಟಿಲ ಮೇಲೆಲ್ಲ ತುಳಿದಾಡುತ್ತಾರೆ. ಇದೇ ಈ ಸಲದ ಪೂಜೆ.

ಆನಗೋಡು ತಲುಪಿದಾಗ ಬಿಸಿಲೇರಿದೆ. ಮಾಲತೇಶಪ್ಪ ನೇರವಾಗಿ ಕೆಂಚವ್ವನವರ ಮನೆಗೆ ಹೋಗುತ್ತಾರೆ. ಹಿಂದೆ ನಾನು. ಜಗಲಿಯ ಮೇಲಿದ್ದ ಮುದುಕಿ ಅವರ ದನಿ ಕೇಳಿಯೇ ಮುಖ ತಿರುಗಿಸುತ್ತಾರೆ.

"ಆ ಗಾಡಿ ನನ್ನ ಬ್ಯಾಡ ಅಂದೈತೆ ಕಣಪ್ಪ. ದೇವ್ರ ಹೊಸ್ತಿಲ ಎಡವಿದಾಕಿ ನಾನು."

"ಎಡವಿದಾಕಿ ನೀನಲ್ಲವ್ವ. ತಪ್ಪು ಮಾಡಿದಾವ ನಾನು. ಮೆಟ್ಲನ್ನ ಹೊಸ್ತಿಲ ಮಾಡಿ ಇಟ್ಟಿದ್ದೆ" ಎನ್ನುತ್ತಾರೆ ಮಾಲತೇಶಪ್ಪ. "ಒಂದು ಸಲ ಬಾ. ಕೈಯಾಡಿಸಿ ನೋಡು. ಆಮ್ಯಾಕ ಬ್ಯಾಡಾದ್ರ ವಾಪಸ್ ಬಾ."

ಕೊನೆಗೆ ಮುದುಕಿ ಕೈ ಚಾಚುತ್ತಾರೆ.

ವ್ಯಾನಿನ ಮುಂದೆ ಕೆಂಚವ್ವ ಬಗ್ಗಿ ಸವರುತ್ತಾರೆ. ಕೈಗೆ ಸಿಗುವುದು ಕೆಸರು. ಬೆರಳಿಂದ ಉಜ್ಜಿ ನೋಡಿ, ಧೈರ್ಯ ಮಾಡಿ ಬರಿಗಾಲು ಊರುತ್ತಾರೆ. ಒಂದು. ಎರಡು. ಮೂರನೆಯದರ ನಟ್ಟನಡುವೆ ಪಾದ ಊರಿ, ಮತ್ತೆರಡು ಹೆಜ್ಜೆ ನಡೆದು ಕೆಂಚವ್ವ ನಿಲ್ಲುತ್ತಾರೆ. ಮುಂದಿನ ಗಾಳಿಯಲ್ಲಿ ಕೈಯಾಡಿಸುತ್ತಾರೆ.

"ಹೊಸ್ತಿಲ ಇನ್ನೂ ಎಷ್ಟು ದೂರ ಐತೋ ತಮ್ಮಾ?"

"ಒಳಗ ಬಂದೀಯವ್ವ" ಎನ್ನುತ್ತಾರೆ ಮಾಲತೇಶಪ್ಪ. "ಆಗ್ಲೇ ಬಂದೀಯ. ಕೂಡು."

ವೈದ್ಯರು ದೀಪ ಹಿಡಿದು ಆಕೆಯ ಕಣ್ಣು ನೋಡುತ್ತಿರುವಾಗ ಮಾಲತೇಶಪ್ಪ ಹೊರಗೆ ಕುಳಿತು ಮೆಟ್ಟಿಲನ್ನೇ ನೋಡುತ್ತಿದ್ದಾರೆ. ಮುಂದೇನು ಆಸೆ ಎಂದು ಕೇಳುತ್ತೇನೆ. ಮೇಲಿನ ಮೆಟ್ಟಿಲಿನ ಪಟ್ಟಾದ ಮೇಲೆ ಮೂಡಿದ ಕೆಂಚವ್ವನವರ ಹೆಜ್ಜೆಯನ್ನು ತೋರಿಸುತ್ತಾರೆ.

"ಬರೋ ವರ್ಷ ಬಿಚ್ಚಿದಾಗ ಮೇಲಿಂದೂ ಸವೆದಿರ್ಬೇಕು ನೋಡ್ರಿ. ಅಷ್ಟಾ."