ಖಾಲಿ ಮರಳುತ್ತಿದ್ದ ಲಾರಿಗಳು

ಸುಚೇತಾ ಮುತ್ತಗಿ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಲ್ಲಿ ಗೋದಾಮು ಬಾಡಿಗೆಗೆ ಹಿಡಿದು ತೊಗರಿಬೇಳೆ ತರಿಸಿ ಮಾರುತ್ತಾಳೆ. ಹುಟ್ಟಿದ್ದು ಕಲಬುರಗಿಯಲ್ಲಿ, ಬೇಳೆ ಮಿಲ್ಲುಗಳ ಗದ್ದಲದ ನಡುವೆ. ಮದುವೆಯಾಗಿ ಟೆಕ್ಸಸ್‌ಗೆ ಬಂದ ಮೇಲೆ ವೀಸಾದ ಕಾರಣಕ್ಕೆ ಹಲವು ವರ್ಷ ಮನೆಯಲ್ಲೇ ಕೂತಳು. ಕೆಲಸದ ಅನುಮತಿ ಸಿಕ್ಕಾಗ ಗಂಡ ಕೌಸ್ತುಭ್ ಏನಾದರೂ ಕೋರ್ಸ್ ಮಾಡು ಎಂದ. ಅವಳು ಬೇಳೆ ವ್ಯಾಪಾರಕ್ಕೆ ಕೈಹಾಕಿದಳು.

ಕಲಬುರಗಿಯಿಂದ ತರಿಸುತ್ತಿದ್ದ ತೊಗರಿ ಅಲ್ಲಿಗೇ ಸಾಕಾಗದ ವರ್ಷವೊಂದರಲ್ಲಿ ಬೇರೆಡೆ ಹುಡುಕುವಾಗ ಅವಳಿಗೆ ಸಿಕ್ಕಿದ್ದು ಆಫ್ರಿಕಾದ ಮಲಾವಿ. ಅಲ್ಲಿ ತೊಗರಿ ಚೆನ್ನಾಗಿ ಬೆಳೆಯುತ್ತದೆ. ಆದರೆ ಆ ದೇಶಕ್ಕೆ ಕಡಲಿಲ್ಲ. ಏನೇ ಹೊರಗೆ ಕಳಿಸಬೇಕಾದರೂ ಲಾರಿಗೆ ಹೇರಿ, ಗಡಿ ದಾಟಿಸಿ, ನೆರೆಯ ಮೊಜಾಂಬಿಕ್‌ನ ಬಂದರು ಮುಟ್ಟಿಸಬೇಕು. ಬ್ಲಾಂಟೈರ್ ಊರಿನಲ್ಲಿ ಚಿಕೊಂಡಿ ಎಂಬ ಹೆಂಗಸಿನದೊಂದು ಬೇಳೆ ಮಿಲ್ಲು. ಇಬ್ಬರೂ ವಿಡಿಯೊ ಕರೆಯಲ್ಲಿ ಬೇಳೆಯನ್ನು ಅಂಗೈಯಲ್ಲಿ ಹರಡಿ ತೋರಿಸಿಕೊಂಡೇ ವ್ಯವಹಾರ ಕುದುರಿಸಿದರು.

ಮೊದಲ ಸರಕು ಚೆನ್ನಾಗಿ ಬಂತು. ಎರಡನೆಯದು ಮುಗ್ಗಿ ಹೋಗಿತ್ತು. ಸುಗ್ಗಿಯ ಹೊತ್ತಿನಲ್ಲಿ ಲಾರಿ ಸಿಗದೆ ಚೀಲಗಳು ಮಿಲ್ಲಿನಲ್ಲೇ ಬಿದ್ದಿದ್ದವು. ಲಾರಿ ಸಿಕ್ಕಿ ಗಡಿಗೆ ಹೋಗುವಷ್ಟರಲ್ಲಿ ಮಳೆ ಹಿಡಿದಿತ್ತು. ಅಲ್ಲಿ ತಪಾಸಣೆಗೆಂದು ತಾಡಪಾಲು ಬಿಚ್ಚಿದರು. ನೀರು ಇಳಿಯಿತು. ಸ್ಟಾಫರ್ಡ್‌ನ ಗೋದಾಮಿನಲ್ಲಿ ಚೀಲ ಕತ್ತರಿಸಿದಾಗ ಬಂದ ವಾಸನೆಗೆ ಸುಚೇತಾ ಎರಡು ಹೆಜ್ಜೆ ಹಿಂದೆ ಸರಿದಳು.

ಅವಳ ದೊಡ್ಡ ಗಿರಾಕಿ, ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ಬೀದಿಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಮೈಸೂರಿನ ತಿರುಮಲ, ಬಂದು ನೋಡಿದರು.

"ಮೇಡಂ, ಹಬ್ಬದ ಹೊತ್ತಿಗೆ ಸಾರು ಮಾಡೋಕೆ ಬೇಳೆ ಇಲ್ಲ ಅಂದ್ರೆ ಜನ ನನ್ನ ಅಂಗಡಿ ಮರೆತುಬಿಡ್ತಾರೆ."

"ಖರೇನ ಐತ್ರಿ. ಈ ಸಲ ನೀವು ಬೇರೆ ಕಡೆ ತಗೋರಿ. ನಾನು ಹೋಗಿ ನೋಡ್ಕೊಂಡು ಬರ್ತೀನ್ರಿ."

"ಎಲ್ಲಿಗೆ?"

"ಮಲಾವಿಗೆ."

ತಿರುಮಲ ನಗಲಿಲ್ಲ. ಬೇರೆಯವರಿಗೆ ಆರ್ಡರ್ ಕೊಟ್ಟರು.

ಮನೆಯಲ್ಲಿ ಮಗಳು ದಿಯಾ ಫೋನಿನಿಂದ ತಲೆ ಎತ್ತದೆ, "ಅಮ್ಮಾ, ಜಸ್ಟ್ ಬೈ ಇಟ್ ಸಮ್‌ವೇರ್ ಎಲ್ಸ್" ಎಂದಳು. ಕೌಸ್ತುಭ್ ಟಿಕೆಟ್ ಬುಕ್ ಮಾಡಿಕೊಟ್ಟ.

ಬ್ಲಾಂಟೈರ್‌ನಿಂದ ಅವಳೂ ಚಿಕೊಂಡಿಯೂ ಕಾರಿನಲ್ಲಿ ಗಡಿಯವರೆಗೆ ಹೋದರು. ಉದ್ದಕ್ಕೂ ನಿಂತ ಲಾರಿಗಳ ಸಾಲು, ಚಕ್ರದ ನೆರಳಿನಲ್ಲಿ ಒಲೆ ಹಚ್ಚಿ ಗಂಜಿ ಕಾಯಿಸುವ ಡ್ರೈವರುಗಳು. ಬಂದರಿನ ಕಡೆಯಿಂದ ಗೊಬ್ಬರದ ಚೀಲ ಹೇರಿಕೊಂಡ ಲಾರಿಗಳು ತೇಕುತ್ತ ಒಳಗೆ ಬರುತ್ತಿದ್ದವು. ಹೊರಗೆ ಹೋಗುವವುಗಳಲ್ಲಿ ಎಷ್ಟೋ ಗಾಡಿಗಳ ಬೆನ್ನು ಬರಿದಾಗಿತ್ತು. ಸುಚೇತಾ ಕಾರಿಳಿದು ಒಬ್ಬ ಡ್ರೈವರನನ್ನು ಕೇಳಿದಳು: ಇಲ್ಲಿ ಲಾರಿ ಇಲ್ಲವೆಂದು ಸರಕು ಕೊಳೆಯುತ್ತಿದೆ, ನೀನೇಕೆ ಖಾಲಿ ಹೋಗುತ್ತಿದ್ದೀಯ?

"ಯಾರ ಸರಕು ಎಲ್ಲಿದೆ ಎಂದು ನನಗೆ ಯಾರು ಹೇಳುತ್ತಾರೆ?" ಎಂದ ಅವನು. "ಹುಡುಕುತ್ತ ಕೂತರೆ ಬಂದರಿನ ಮುಂದಿನ ಬಾಡಿಗೆ ತಪ್ಪುತ್ತದೆ."

ವಾಪಸ್ಸು ಬರುವಾಗ ಇಬ್ಬರು ಹೆಂಗಸರೂ ಅದನ್ನೇ ಮಾತಾಡಿದರು. ಗೊಬ್ಬರ ತರಿಸುವ ವ್ಯಾಪಾರಿಯೊಬ್ಬ ಚಿಕೊಂಡಿಗೆ ದೂರದ ನೆಂಟ. ಅವನ ಲಾರಿಗಳು ಗೊಬ್ಬರ ಇಳಿಸಿದ ಕೂಡಲೇ ನೇರ ಮಿಲ್ಲಿಗೆ ಬರಬೇಕು. ತಪಾಸಣೆಯವರನ್ನು ಮಿಲ್ಲಿಗೇ ಕರೆಸಿ, ಅಲ್ಲಿಯೇ ತಾಡಪಾಲಿಗೆ ಮುದ್ರೆ ಹಾಕಿಸಿದರೆ ಗಡಿಯಲ್ಲಿ ತಾಡಪಾಲು ಬಿಚ್ಚುವ ಪ್ರಮೇಯವಿಲ್ಲ. ತೊಡಕು ಒಂದೇ. ತೊಗರಿಯ ಕೊಯ್ಲು ಮೊದಲು, ಗೊಬ್ಬರದ ಲಾರಿಗಳು ಆಮೇಲೆ. ಅಲ್ಲಿಯವರೆಗೆ ಬೇಳೆಯನ್ನು ಒಣ ಜಾಗದಲ್ಲಿ ಕಾಪಾಡಬೇಕು, ದೀಪಾವಳಿಯ ಮಾರಾಟ ಕೈಬಿಡಬೇಕು.

"ನಿನಗೆ ಕಾಯಲು ಆಗುತ್ತದೆಯೇ?" ಎಂದು ಚಿಕೊಂಡಿ ಕೇಳಿದಳು.

"ಮುಗ್ಗಿದ ಬೇಳೆಗಿಂತ ತಡವಾದ ಬೇಳೆ ವಾಸಿ" ಎಂದಳು ಸುಚೇತಾ. ಒಳಗೊಳಗೆ ಅಷ್ಟು ಧೈರ್ಯವಿರಲಿಲ್ಲ.

ತಪಾಸಣೆಯವರನ್ನು ಮಿಲ್ಲಿಗೆ ಬರಲು ಒಪ್ಪಿಸಲು ಚಿಕೊಂಡಿ ಅವರ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದಳು. ಗೊಬ್ಬರದ ನೆಂಟ ಒಮ್ಮೆ ಮಾತು ತಪ್ಪಿ ಲಾರಿಗಳನ್ನು ಬೇರೆ ಕಡೆ ಕಳಿಸಿದ. ಆ ವರ್ಷ ದೀಪಾವಳಿಗೆ ಸುಚೇತಾಳ ಗೋದಾಮು ಬಣಗುಟ್ಟಿತು. ಬೇಳೆ ಬಂದಿದ್ದು ಸಂಕ್ರಾಂತಿ ಕಳೆದ ಮೇಲೆ. ಒಂದು ಚೀಲವೂ ಹಸಿಯಾಗಿರಲಿಲ್ಲ. ತಿರುಮಲರ ಅಂಗಡಿಯಲ್ಲಿ ಆಗಲೇ ಬೇರೆಯವರ ಬೇಳೆ ತುಂಬಿತ್ತು. ಅವಳು ವ್ಯಾನಿನಲ್ಲಿ ಹೇರಿಕೊಂಡು ಆಸ್ಟಿನ್‌ಗೆ, ಅಲ್ಲಿಂದ ಡಲ್ಲಾಸ್ ಹತ್ತಿರದ ಕಾಪೆಲ್‌ಗೆ ಡ್ರೈವ್ ಮಾಡಿ ಅಂಗಡಿಯಿಂದ ಅಂಗಡಿಗೆ ತಿರುಗಿದಳು. ಬೇಳೆ ನಿಧಾನವಾಗಿ ಖರ್ಚಾಯಿತು.

ಮರುವರ್ಷ ದಾರಿ ಸಲೀಸಾಯಿತು, ತಿರುಮಲರೂ ಮತ್ತೆ ಅವಳ ಬೇಳೆ ಕೊಂಡರು. ಅದರ ಮರುವರ್ಷ ಅವಳ ಸರಕು ಮತ್ತೆ ತಡವಾಯಿತು. ಫೋನ್ ಮಾಡಿದರೆ ಚಿಕೊಂಡಿ ಮುಚ್ಚಿಡದೆ ಹೇಳಿದಳು: ಸುತ್ತಲಿನ ಮಿಲ್ಲಿನವರು, ಶೇಂಗಾ ವ್ಯಾಪಾರಿಗಳು, ಎಲ್ಲರೂ ಈಗ ಗೊಬ್ಬರದ ಲಾರಿಗಳನ್ನೇ ಹಿಡಿಯುತ್ತಿದ್ದಾರೆ. ದುಬೈನ ಒಬ್ಬರಿಗೆ ನಾನೂ ಬೇಳೆ ಕಳಿಸುತ್ತಿದ್ದೇನೆ.

"ಮೊದಲು ನನಗೆ ಕಳಿಸಬೇಕಿತ್ತು" ಎಂದಳು ಸುಚೇತಾ. ಸಿಟ್ಟು ಬಂದಿತ್ತು.

"ಲಾರಿ ಖಾಲಿ ಹೋಗಬಾರದು ಅಂದವಳು ನೀನೇ. ಈಗ ಹೋಗುತ್ತಿಲ್ಲ. ಮುಂದಿನ ವಾರದ ಸರದಿ ನಿನ್ನದು."

ಸುಚೇತಾ ಜಗಳ ತೆಗೆಯಬಹುದಿತ್ತು, ತೆಗೆಯಲಿಲ್ಲ. ಮುಂದಿನ ವರ್ಷಕ್ಕೆ ತನ್ನ ಸರದಿಯನ್ನು ಕೊಯ್ಲಿಗೆ ಮೊದಲೇ ಗೊತ್ತು ಮಾಡಬೇಕೆಂದು ಮಾತ್ರ ಹೇಳಿದಳು. ಚಿಕೊಂಡಿ ಒಪ್ಪಿದಳು.

ಆಮೇಲೆ ತಿರುಮಲರಿಗೆ ಫೋನ್ ಹಚ್ಚಿದಳು. "ಈ ಸಲ ಸ್ವಲ್ಪ ತಡ ಆಗ್ತೈತ್ರಿ. ಒಳ್ಳೇ ಮಾಲು ಬರತೈತಿ. ಬೇಕೇನ್ರಿ?"

"ನನ್ನ ಆರ್ಡರಿನ ಅರ್ಧ ಇಳಿಸಿ ಮೇಡಂ. ಮಾಲು ನೋಡಿ ಇನ್ನರ್ಧದ ಮಾತಾಡೋಣ" ಎಂದರು ತಿರುಮಲ.